ಬೀದಿಯ ಭಿತ್ತಿಚಿತ್ರಗಳಲ್ಲಿ ಔಚಿತ್ಯವಿಚಾರ

ಚಿಂಚೋಳಿಗೆ ಅನತಿದೂರದಲ್ಲಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ. ಶ. ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಪ್ರಕರಣವೊಂದುಂಟು. ಗೋಡೆಯನ್ನು ನುಣುಪುಗೊಳಿಸುವ ಕ್ರಮವೂ ಎಮ್ಮೆಯ ತೊಗಲಿನಿಂದ ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆಯೂ ಅಲ್ಲಿ ಉಕ್ತವಾಗಿವೆ. ಕನ್ನಡಿಯ ಬಿಂಬದಂತೆ ವಸ್ತುವನ್ನು ಹೋಲುವ ಚಿತ್ರಕ್ಕೆ ‘ವಿದ್ಧ’ವೆಂದು ಗ್ರಂಥಕಾರನ ಸಂಜ್ಞೆ. ಆದರೆ ಅರಮನೆಯ ಚಿತ್ರವನ್ನು ನೋಡುವವನು ವಿರಾಮವಾಗಿ ನಿಲ್ಲಬಲ್ಲನು. ಬೀದಿಯ ಚಿತ್ರವನ್ನು ನೋಡುವವನೋ ನಡೆದುಹೋಗುವವನು. ಬೀದಿಯ ಚಿತ್ರಗಳ ಗುಣದೋಷವಿಚಾರವು ಈ ಭೇದದಿಂದಲೇ ಆರಂಭವಾಗತಕ್ಕದ್ದು.

2009ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಯಿಸಿತು. ಭಿತ್ತಿಪತ್ರಗಳ ಹಾವಳಿಯನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. ಸಿನಿಮಾ ಬ್ಯಾನರುಗಳನ್ನೂ ನಾಮಫಲಕಗಳನ್ನೂ ಬರೆಯುತ್ತಿದ್ದವರಿಗೆ ಆ ಕೆಲಸವು ದೊರೆಯಿತು. ಹಂಪೆಯ ಕಲ್ಲಿನ ರಥ, ಮೈಸೂರಿನ ಅರಮನೆ, ಜಲಪಾತ, ವನ್ಯಮೃಗ ಮೊದಲಾದುವು ಚಿತ್ರಗಳ ವಸ್ತುವಾದುವು. ದೂರದಿಂದಲೇ ಗುರುತು ಸಿಕ್ಕುವ ದೊಡ್ಡ ಆಕೃತಿ, ಥಟ್ಟನೆ ಕಣ್ಸೆಳೆಯುವ ವರ್ಣ, ಇವು ಆ ಕುಶಲಿಗಳ ಗುಣ. ನಡೆಯುವವನ ಕಣ್ಣಿಗೆ ಬೇಕಾದುದೂ ಅದೇ. ಅವರನ್ನು ಚಿತ್ರಕಾರರ ಪಂಕ್ತಿಯಿಂದ ಹೊರಗಿಡುವುದು ನ್ಯಾಯವಲ್ಲ. ದೋಷವಿರುವುದು ವಸ್ತುವಿನ ಆಯ್ಕೆಯಲ್ಲಿ. ಆ ರಥವನ್ನು ಒಂದು ಬೀದಿಯಿಂದ ಮತ್ತೊಂದಕ್ಕೆ ಸಾಗಿಸಿದರೆ ಚಿತ್ರಕ್ಕಾಗಲಿ ಬೀದಿಗಾಗಲಿ ನಷ್ಟವೇನೂ ಇಲ್ಲ; ಕ್ಯಾಲೆಂಡರಿನ ಹಾಳೆಯಲ್ಲಿಯೂ ಅದು ಅಷ್ಟೇ ಶೋಭಿಸುವುದು.

ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥದಲ್ಲಿ ಎಣಿಸಿರುವ 27 ಔಚಿತ್ಯಸ್ಥಾನಗಳಲ್ಲಿ ದೇಶವೂ ಒಂದು. ಕಾವ್ಯವನ್ನು ಕುರಿತ ಈ ವಿಚಾರವು ಬೀದಿಯ ಕಲೆಗೆ ಇನ್ನೂ ಹೆಚ್ಚಾಗಿ ಸಲ್ಲತಕ್ಕದ್ದು. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದನ್ನು ಬಣ್ಣದಿಂದ ಕೊಳವಾಗಿಸಿ, ಅದರಲ್ಲಿ ಮೊಸಳೆಯ ಪ್ರತಿಕೃತಿಯೊಂದನ್ನಿಟ್ಟರು. ಅದು ಗೋಡೆಯ ಚಿತ್ರವಲ್ಲದಿದ್ದರೂ ದೇಶೌಚಿತ್ಯಕ್ಕೆ ಉತ್ತಮವಾದ ಉದಾಹರಣೆ. ಅಲ್ಲಿಯ ಹಾಸ್ಯಕ್ಕೆ ರಸ್ತೆಯ ಕೊರತೆಯೇ ಆಲಂಬನ. ಬೇರೆಡೆಗೆ ಒಯ್ದರೆ ಮೊಸಳೆ ಬರಿಯ ಬೊಂಬೆ. ಬಳಿಕ ಗುಂಡಿಯು ಮುಚ್ಚಲ್ಪಟ್ಟಿತು. ಕೃತಿಯು ಅಳಿದುದೇ ಅದರ ಸಾರ್ಥಕ್ಯವಾಯಿತು.

ಚಿಂಚೋಳಿ, ಸೇಡಂ ಮೊದಲಾದ ಊರುಗಳ ಓಣಿಗಳಿಗೆ ಚಿತ್ರ ಬರೆಯಿಸಬಯಸುವವರು ಇದನ್ನು ಮನಗಾಣಬೇಕು. ಶಹಾಬಾದು ಕಲ್ಲಿನ ಗೋಡೆಯೂ ಗಾರೆಯ ಗೋಡೆಯೂ ಬಣ್ಣವನ್ನು ಒಂದೇ ಬಗೆಯಾಗಿ ಹಿಡಿಯವು. ಆದುದರಿಂದ ಸೋಮೇಶ್ವರನಂತೆ ಮೊದಲು ಗೋಡೆಯನ್ನರಿಯುವುದು ಯುಕ್ತ. ಮುಲ್ಲಾಮಾರಿ ಹೊಳೆ, ತೊಗರಿಯ ಹೊಲ, 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಕಾಡು, ಇವು ಅಲ್ಲಿಗೆ ಸಹಜವಾದ ವಸ್ತುಗಳೇ ಸರಿ. ಆದರೆ ಓಣಿಯ ತಿರುವು, ಬೆಳಕು, ನಡೆಯುವವರ ವಾಡಿಕೆ, ಇವುಗಳಿಗೆ ಹೊಂದದೆ ಬರೆದರೆ ಅವೂ ಕಲ್ಲಿನ ರಥದ ಗತಿಯನ್ನೇ ಪಡೆಯುವುವು.