ಅಂಗಡಿಯ ಹಿಂಕೋಣೆಯ ಶಾಲೆ

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ಎಂದೊಡನೆ ನಾಲ್ಕೈದು ಇಸವಿಗಳು ನಮ್ಮ ನಾಲಗೆಯ ತುದಿಗೆ ಬರುತ್ತವೆ: ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ಬಂದ 1954ರ ಬ್ರೌನ್ ತೀರ್ಪು, 1955ರ ಮಾಂಟ್ಗೊಮರಿ ಬಸ್ ಬಹಿಷ್ಕಾರ, 1963ರ ವಾಷಿಂಗ್ಟನ್ ಮೆರವಣಿಗೆ, 1965ರ ಮತದಾನ ಹಕ್ಕು ಕಾಯ್ದೆ. ಇವೆಲ್ಲವೂ ದೊಡ್ಡ ಘಟನೆಗಳೇ. ಆದರೆ ಇವಿಷ್ಟನ್ನೇ ಸಾಲಾಗಿ ಜೋಡಿಸಿದರೆ, ಒಬ್ಬ ಮಹಾನ್ ವಾಗ್ಮಿ ಮಾತಾಡಿದ, ನ್ಯಾಯಾಲಯ ಮತ್ತು ಅಧ್ಯಕ್ಷರು ಮನಸ್ಸು ಮಾಡಿದರು, ಹಕ್ಕು ಸಿಕ್ಕಿತು ಎಂಬಂತೆ ಕಥೆ ಓಡುತ್ತದೆ. ಇದಕ್ಕೆ ನನ್ನ ತಕರಾರಿದೆ. ಆ ತೀರ್ಪು, ಆ ಕಾಯ್ದೆಗಳನ್ನು ಬರುವಂತೆ ಮಾಡಿದ್ದು ಊರೂರಿನಲ್ಲಿ ಕೂತು ಜನರನ್ನು ಕಟ್ಟಿದ ಸಂಘಟಕರ ಪರಂಪರೆ. ಅದರ ಗುರುಗಳಲ್ಲಿ ಇಬ್ಬರು ಸೆಪ್ಟಿಮಾ ಕ್ಲಾರ್ಕ್ ಮತ್ತು ಎಲಾ ಬೇಕರ್.

ಬ್ರೌನ್ ತೀರ್ಪನ್ನೇ ನೋಡಿ. ಅದರೊಳಗೆ ಸೇರಿದ್ದ ಐದು ಮೊಕದ್ದಮೆಗಳಲ್ಲಿ ಒಂದು ಹುಟ್ಟಿದ್ದು ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ. 1951ರ ಏಪ್ರಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ತನ್ನ ಶಾಲೆಯ ದುಃಸ್ಥಿತಿಯ ವಿರುದ್ಧ ಮಕ್ಕಳನ್ನೆಲ್ಲ ಮುಷ್ಕರಕ್ಕೆ ಹೊರಡಿಸಿದಳು. ವಕೀಲರು ಬಂದದ್ದು ಆಮೇಲೆ. ಮಾಂಟ್ಗೊಮರಿಯಲ್ಲೂ ಹಾಗೆಯೇ. ರೋಸಾ ಪಾರ್ಕ್ಸ್ ಕಾಲು ನೋವಿನಿಂದ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ಪಾಪದ ಹೆಂಗಸಲ್ಲ. ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಅಲ್ಲಿನ ಶಾಖೆಯ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ದುಡಿದವರು. ಅವರ ಬಂಧನವಾದ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ನಿದ್ದೆಗೆಟ್ಟು ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿಸಿದರು. ಬಹಿಷ್ಕಾರ 381 ದಿನ ನಡೆದದ್ದು ದಿನವೂ ಕಾರುಗಳನ್ನು ಹೊಂದಿಸಿದವರಿಂದ, ಹೋರಾಟಕ್ಕೆ ದುಡ್ಡು ಕೂಡಿಸಲು ಕೇಕು ಮಾಡಿ ಮಾರಿದ ಅಡುಗೆ ಕೆಲಸದ ಹೆಂಗಸರಿಂದ, ಕೆಲಸಕ್ಕೆ ನಡೆದೇ ಹೋದ ಸಾವಿರಾರು ಜನರಿಂದ.

ಈ ಪರಂಪರೆಯ ಸ್ವಭಾವ ತಿಳಿಯಬೇಕಾದರೆ ದಕ್ಷಿಣ ಕೆರೊಲಿನಾದ ಜಾನ್ಸ್ ದ್ವೀಪಕ್ಕೆ ಹೋಗಬೇಕು. ರಾಜ್ಯ ಸಂವಿಧಾನದ ಭಾಗವೊಂದನ್ನು ಅಧಿಕಾರಿಯ ಮುಂದೆ ಓದಿ ತೋರಿಸಿದರೆ ಮಾತ್ರ ಮತದಾರರ ಪಟ್ಟಿಯಲ್ಲಿ ಹೆಸರು; ಕಪ್ಪು ಜನರನ್ನು ಹೊರಗಿಡಲು ಅದೊಂದೇ ಸಾಕಾಗಿತ್ತು. ದ್ವೀಪದ ಈಸಾ ಜೆಂಕಿನ್ಸ್ ಚಾರ್ಲ್ಸ್‌ಟನ್‌ಗೆ ಓಡಿಸುತ್ತಿದ್ದ ತಮ್ಮ ಬಸ್ಸಿನಲ್ಲೇ ಪ್ರಯಾಣಿಕರಿಗೆ ಆ ಭಾಗಗಳನ್ನು ಹೇಳಿಕೊಡುತ್ತಿದ್ದರು. ಅಲ್ಲಿಂದ ಮುಂದಿನ ಹೆಜ್ಜೆಯೇ 1957ರ ಜನವರಿಯಲ್ಲಿ ಸಹಕಾರಿ ಅಂಗಡಿಯೊಂದರ ಹಿಂಭಾಗದಲ್ಲಿ ಶುರುವಾದ ಪೌರತ್ವ ಶಾಲೆ. ಎದುರಿಗೆ ದಿನಸಿ, ಹಿಂದೆ ಪಾಠ. ಬಿಳಿಯರ ಕಣ್ಣಿಗೆ ಅದು ಬರೀ ಅಂಗಡಿ. ಎನ್‌ಎಎಸಿಪಿ ಸದಸ್ಯತ್ವ ಬಿಡಲೊಲ್ಲದ್ದಕ್ಕೆ ಹಿಂದಿನ ವರ್ಷವಷ್ಟೇ ಶಿಕ್ಷಕಿಯ ಕೆಲಸ ಕಳೆದುಕೊಂಡಿದ್ದ ಕ್ಲಾರ್ಕ್ ಆ ಶಾಲೆಗೆ ಮೇಷ್ಟರನ್ನು ಹುಡುಕಲಿಲ್ಲ. ಬರ್ನೀಸ್ ರಾಬಿನ್ಸನ್ ಎಂಬ, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಹೆಣ್ಣುಮಗಳನ್ನು ಒಪ್ಪಿಸಿದರು. ಆಕೆಗೆ ಜನರ ಮಾತು ಕೇಳಿ ಗೊತ್ತಿತ್ತು. ಯಾರನ್ನೂ ದಡ್ಡರೆಂದು ಕಾಣುವವರಲ್ಲ.

ಮೊದಲ ತರಗತಿಗೆ ಬಂದವರು ಹದಿನಾಲ್ಕು ಮಂದಿ. ರಾಬಿನ್ಸನ್ ಮೊದಲು ಕೇಳಿದ್ದು, ನಿಮಗೆ ಏನು ಕಲಿಯಬೇಕು ಅಂತ. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಅಂಚೆಯಲ್ಲಿ ಸಾಮಾನು ತರಿಸುವ ಅರ್ಜಿ ತುಂಬಬೇಕು ಎಂದರು. ಪಠ್ಯ ಹುಟ್ಟಿದ್ದು ಹಾಗೆ. ರಟ್ಟಿನ ಮೇಲೆ ಹೆಸರು ಬರೆದುಕೊಡುವುದು, ನೇಗಿಲು ಹಿಡಿದು ಒರಟಾದ ಕೈ ಅದರ ಮೇಲೆ ಪೆನ್ಸಿಲ್ ಆಡಿಸಿ ಆಡಿಸಿ ಅಕ್ಷರದ ತಿರುವುಗಳನ್ನು ಪಳಗಿಸಿಕೊಳ್ಳುವುದು. ಸಂವಿಧಾನದ ಓದು ಇದೇ ಪಾಠದ ಮುಂದುವರಿಕೆ. ಬೇರೆ ದ್ವೀಪಗಳಿಗೂ ಹಬ್ಬಿದ ಈ ಶಾಲೆಗಳನ್ನು 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ವಹಿಸಿಕೊಂಡು ದಕ್ಷಿಣದುದ್ದಕ್ಕೂ ಒಯ್ದಿತು. ಆ ದಶಕದ ಭಾಷಣಗಳನ್ನೆಲ್ಲ ಒಂದು ಕಡೆ ಇಟ್ಟರೂ ಈ ಹಿಂಕೋಣೆಯ ತೂಕವೇ ಹೆಚ್ಚು ಎಂದು ನಾನು ನಂಬುತ್ತೇನೆ.

ಎಲಾ ಬೇಕರ್ ಇದೇ ನಂಬಿಕೆಯನ್ನು ಸಂಘಟನೆಯ ತತ್ವವಾಗಿ ಬೆಳೆಸಿದರು. ಒಬ್ಬ ನಾಯಕನ ಸುತ್ತ ಚಳವಳಿ ಕಟ್ಟುವುದು ಅವರಿಗೆ ಒಗ್ಗಲಿಲ್ಲ. 1960ರ ಏಪ್ರಿಲ್‌ನಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯಕ್ಕೆ ವರ್ಣಭೇದದ ವಿರುದ್ಧ ಧರಣಿ ಕೂತಿದ್ದ ವಿದ್ಯಾರ್ಥಿಗಳನ್ನು ಕರೆಸಿ, ಹಿರಿಯರ ಸಂಘಟನೆಯ ಬಾಲವಾಗದೆ ಸ್ವತಂತ್ರವಾಗಿರಿ ಎಂದು ಹುರಿದುಂಬಿಸಿದರು. ಹುಟ್ಟಿದ್ದು ಎಸ್‌ಎನ್‌ಸಿಸಿ, ಅಂದರೆ ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ. ಅದಕ್ಕೆ ಬಂದ ನ್ಯಾಶ್‌ವಿಲ್‌ನ ವಿದ್ಯಾರ್ಥಿ ತಂಡವನ್ನು ತಯಾರು ಮಾಡಿದ್ದ ಜೇಮ್ಸ್ ಲಾಸನ್ ನಾಗ್ಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಸತ್ಯಾಗ್ರಹ ಅಭ್ಯಾಸ ಮಾಡಿದವರು. ಬೈಗುಳ, ಹೊಡೆತ ಸಹಿಸುವುದನ್ನೂ ಅವರು ಮೊದಲೇ ತಾಲೀಮು ಮಾಡಿಸುತ್ತಿದ್ದರು.

ಎಸ್‌ಎನ್‌ಸಿಸಿಯ ಹುಡುಗರು ಮಿಸಿಸಿಪ್ಪಿಯ ಹತ್ತಿ ಸೀಮೆಗೆ ಹೋದಾಗ ಫ್ಯಾನಿ ಲೂ ಹೇಮರ್ ಸಿಕ್ಕರು. 1962ರ ಆಗಸ್ಟ್‌ನಲ್ಲಿ ಹೆಸರು ನೋಂದಾಯಿಸಲು ಹೋದ ತಪ್ಪಿಗೆ ಹದಿನೆಂಟು ವರ್ಷ ದುಡಿದ ತೋಟದಿಂದ ಅವರನ್ನು ಹೊರಹಾಕಲಾಯಿತು. ಮರುವರ್ಷ ವಿನೋನಾ ಜೈಲಿನಲ್ಲಿ ದೇಹ ಜರ್ಝರಿತವಾಗುವಂತೆ ಹೊಡೆದರು. 1964ರಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಸಮಾವೇಶಕ್ಕೆ ಅವರೂ ಸೇರಿ ಕಟ್ಟಿದ್ದ ಪಕ್ಷ ಪ್ರಾತಿನಿಧ್ಯ ಕೇಳಿ ಬಂದಾಗ ದೊಡ್ಡವರು ಎರಡು ಸೀಟು ಕೊಟ್ಟು ಸುಮ್ಮನಾಗಿಸಲು ನೋಡಿದರು. ಹಳ್ಳಿಯಿಂದ ಬಂದವರು ಒಪ್ಪಲಿಲ್ಲ. ಈ ಪರಂಪರೆ ತಯಾರಿಸಿದ ಮನುಷ್ಯರು ಎಂಥವರು ಎಂಬುದಕ್ಕೆ ಆ ನಿರಾಕರಣೆಗಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಕೊರತೆಗಳನ್ನು ಮುಚ್ಚಿಡಲಾಗದು. ಎಲ್ಲರೂ ಒಪ್ಪುವ ತನಕ ಚರ್ಚಿಸುವ ಪದ್ಧತಿ ಚಿಕ್ಕ ತಂಡಕ್ಕೆ ಶಕ್ತಿ ಕೊಟ್ಟಿತು. ತಂಡ ಬೆಳೆದಂತೆ ಅದೇ ದಣಿವಿಗೆ, ಒಡಕಿಗೆ ದಾರಿಯಾಯಿತು. 1966ರ ಹೊತ್ತಿಗೆ ಎಸ್‌ಎನ್‌ಸಿಸಿ ಹಳ್ಳಿಯ ನಿಧಾನ ಕೆಲಸದಿಂದ ಘೋಷಣೆಯ ಕಡೆಗೆ ವಾಲಿತು, ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಕರಗಿಹೋಯಿತು. ಅದಕ್ಕಿಂತ ದೊಡ್ಡ ಕೊರತೆ ಆರ್ಥಿಕವಾದದ್ದು. ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರ ಪೈಕಿ ಮತದಾರರ ಪಟ್ಟಿಯಲ್ಲಿದ್ದವರ ಪ್ರಮಾಣ 1964ರಲ್ಲಿ ಶೇ 7ರ ಆಸುಪಾಸಿನಲ್ಲಿತ್ತು, 1967ಕ್ಕೆ ಶೇ 60ರ ಹತ್ತಿರ ಬಂತು. ಆದರೆ ಜಮೀನು, ಸಾಲ, ಕೂಲಿ ಬಿಳಿಯರ ಕೈಯಲ್ಲೇ ಉಳಿದವು. ಇದನ್ನು ಸರಿಯಾಗಿ ಕಂಡ ಹೇಮರ್ 1969ರಲ್ಲಿ ಸಹಕಾರಿ ಬೇಸಾಯ ಶುರುಮಾಡಿ ಬಡವರಿಗೆ ತರಕಾರಿ, ಸಾಕಲು ಹಂದಿ ಹಂಚಿದರು. ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಅದು ನಿಂತುಹೋಯಿತು. ಮತ ಕಲಿಸಿದಷ್ಟು ಗಟ್ಟಿಯಾಗಿ ಜಮೀನಿನ ಪ್ರಶ್ನೆಯನ್ನು ಹಿಡಿಯಲು ಈ ಪರಂಪರೆಗೆ ಆಗಲಿಲ್ಲ.

2013ರಲ್ಲಿ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1965ರ ಕಾಯ್ದೆಯ ಮುಖ್ಯ ಬಿಗಿಯನ್ನೇ ಸಡಿಲಿಸಿತು. ಮತದಾನದ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಾಗಿದ್ದ ರಾಜ್ಯಗಳು ಆ ಬಂಧನದಿಂದ ಬಿಡುಗಡೆಯಾದವು. ಕಾಯ್ದೆ ಕೊಟ್ಟದ್ದನ್ನು ಒಂದು ತೀರ್ಪು ಕಿತ್ತುಕೊಳ್ಳಬಹುದು. ಅದಕ್ಕೇ ಈ ಚರಿತ್ರೆಯನ್ನು ಮಕ್ಕಳಿಗೆ ಹೇಳುವವರಲ್ಲಿ ನನ್ನ ಕೋರಿಕೆ: ವಾಷಿಂಗ್ಟನ್ ಮೆರವಣಿಗೆಗೆ ಬರುವ ಮೊದಲು ಜಾನ್ಸ್ ದ್ವೀಪದಿಂದ ಶುರುಮಾಡಿ.