ಮೊಬೈಲಿನ ಮಾಸ್ತರರು ಕಲಿಸಿದ ಪೇಟಿ

ನಮ್ಮೂರ ಭಜನಿ ಮ್ಯಾಳದ ಪೇಟಿ ಎರಡು ವರ್ಷ ಗುಡಿಯ ಮೂಲ್ಯಾಗ ಬಟ್ಟಿ ಹೊದ್ದುಕೊಂಡು ಕುಂತಿತ್ತು. ಬಾರಿಸುವ ಹಿರಿಯರು ತೀರಿಕೊಂಡರು. ಅವರ ಮಕ್ಕಳು ದುಡಿಯಲಿಕ್ಕೆ ಸಾಂಗಲಿ, ಪುಣೆ ಸೇರಿದರು. ನಾವು ಆರು ಮಂದಿ ಏಕತಾರಿ, ದಮ್ಮಡಿ, ತಾಳದ ಮೇಲೆಯೇ ಹಾಡುತ್ತಿದ್ದೆವು. ದಮ್ಮಡಿ ಸಪ್ಪಳದಾಗ ಏಕತಾರಿ ಎಲ್ಲಿ ಕೇಳಬೇಕು? ಒಬ್ಬ ಏರಿಸುತ್ತಾನೆ, ಇನ್ನೊಬ್ಬ ಇಳಿಸುತ್ತಾನೆ, ಪದ ಮುಗಿಯುವಷ್ಟರಲ್ಲಿ ಸುರು ಮಾಡಿದ ಸ್ವರ ಎಲ್ಲೋ ಹೋಗಿರುತ್ತದೆ. ಗುಡ್ಡಾಪುರದ ದಾನಮ್ಮನ ಗುಡಿಯಲ್ಲಿ ಒಂದು ಅಮಾಸಿ ರಾತ್ರಿ ಹಿಂಗೇ ಆಗಿ, ಮುಂದೆ ಕುಂತ ಹುಡುಗರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಮರುದಿನ ಮೊಮ್ಮಗನನ್ನು ಕರೆದು, "ತಮ್ಮಾ, ನಿನ್ನ ಮೊಬೈಲ್‌ನಾಗ ಪೇಟಿ ಕಲಸವ್ರು ಇರ್ತಾರಂತಲ್ಲ, ತಗಿ ನೋಡೂಣು" ಅಂದೆ.

ಹದಿನಾಲ್ಕು ತಿಂಗಳು ಆ ಪಾಠ ನೋಡಿದ್ದೇನೆ. ವಾಚನಾಲಯದ ಗುರುಗಳು "ಅದರ ಒಳ್ಳೇದು ಕೆಟ್ಟದ್ದು ಬರೀರಿ" ಅಂದದ್ದಕ್ಕೆ ಬರೆಯುತ್ತಿದ್ದೇನೆ. ಪದ ಹಾಡಿಕೊಂಡು ಬಂದ ನಲವತ್ತು ವರ್ಷದಲ್ಲಿ ಪೇಟಿಗೆ ಬೆರಳು ಹಚ್ಚಿದವನಲ್ಲ. ಆದ್ದರಿಂದ ಇದು ಹಾಡುವವನ ಮಾತು, ಬಾರಿಸುವವನದಲ್ಲ.

ಒಳ್ಳೇದು ಮೊದಲು ಹೇಳುತ್ತೇನೆ. ಮೊಬೈಲಿನ ಮಾಸ್ತರಗ ಸಿಟ್ಟು ಬರುವುದಿಲ್ಲ. ನಮ್ಮ ಕಾಲದಾಗ ತಪ್ಪು ಮಾಡಿದರೆ ಬೆರಳಿನ ಗೆಣ್ಣಿಗೆ ಏಟು ಬೀಳುತ್ತಿತ್ತು, ಎರಡನೇ ಸಲ ಕೇಳಲಿಕ್ಕೆ ಅಂಜಿಕೆ. ಇಲ್ಲಿ ದಾಳಿಂಬಿಗೆ ನೀರು ಬಿಟ್ಟು ಬದುವಿನ ಮ್ಯಾಲ ಕುಂತು ಒಂದೇ ಸರಳಿ ಇಪ್ಪತ್ತು ಸಲ ಕೇಳಬಹುದು. ಪಾಠ ಬಹಳಷ್ಟು ಹಿಂದಿ, ಮರಾಠಿಯಲ್ಲಿ ಇದ್ದರೂ ತೊಡಕಾಗಲಿಲ್ಲ, ಸರಿಗಮ ಎಲ್ಲ ಕಡೆ ಸರಿಗಮವೇ. ಮೂರು ತಿಂಗಳಿಗೆ ಏಳು ಸ್ವರ ಏರಿಸಿ ಇಳಿಸುವಷ್ಟು ಕೈ ಕೂತಿತು. ಆ ಋಣ ಇದೆ.

ಇನ್ನು ಕೆಲವರು ಏಳೇ ದಿನದಾಗ ಪೇಟಿ ಕಲಸ್ತೀವಿ ಅಂತಾರೆ. ಪಟ್ಟಿಗಳ ಮೇಲೆ ಒಂದು, ಎರಡು ಅಂತ ಚೀಟಿ ಅಂಟಿಸಿ, ಸಿನಿಮಾ ಹಾಡನ್ನು ಫೋನ್ ನಂಬರ್ ಹೇಳಿದಂಗ ಹೇಳಿಬಿಡುತ್ತಾರೆ. ಮೊಮ್ಮಗ ಹಂಗ ಒಂದು ಹಾಡು ಕಲಿತ. ಚೀಟಿ ಕಿತ್ತ ದಿನ ಹಾಡೂ ಹೋಯಿತು. ಅಂಥವರ ಬಗ್ಗೆ ಇಷ್ಟು ಸಾಕು.

ಒಳ್ಳೇ ಮಾಸ್ತರರಲ್ಲೂ ಒಂದು ಕುಂದು ಕಂಡೆ. ಕ್ಯಾಮೆರಾ ಬಲಗೈ ಮೇಲೆ ಮಾತ್ರ ಇರುತ್ತದೆ, ತಿದಿ ಒತ್ತುವ ಎಡಗೈ ಕಾಣುವುದೇ ಇಲ್ಲ. ಪೇಟಿಗೆ ಉಸಿರು ಕೊಡುವುದು ಎಡಗೈ. ಪ್ಯಾರಿಸ್ಸಿನಲ್ಲಿ ದೆಬೇನ್ ಎಂಬವರು 1842ರ ಸುಮಾರಿಗೆ ಮಾಡಿದ ಪೇಟಿಯನ್ನು ಕಾಲಿಲೆ ತುಳಿಯುತ್ತಿದ್ದರಂತೆ. ನೆಲದ ಮೇಲೆ ಕುಂತು ಹಾಡುವ ನಮಗೆ ಹೊಂದುವಂತೆ ಕಲಕತ್ತೆಯ ದ್ವಾರಕಾನಾಥ ಘೋಷರು ಕೈ ತಿದಿ ಜೋಡಿಸಿದರು. ಆ ಕೈಯನ್ನೇ ತೋರಿಸದಿದ್ದರೆ ಹೆಂಗ? ನಾನು ಸ್ವರಕ್ಕೊಂದು ಸಲ ತಿದಿ ಒತ್ತಿ, ಪೇಟಿ ಬಿಕ್ಕಳಿಸಿದಂಗ ಕೇಳುತ್ತಿತ್ತು. ಒಂದು ದಿನ ಮೊಬೈಲ್ ತಾನಾಗಿ ಪರದೇಶದ ಪಾಠವೊಂದನ್ನು ತಂದು ಮುಂದಿಟ್ಟಿತು. ಆರು ಮೂಲೆಯ ಸಣ್ಣ ಡಬ್ಬಿ, ಎರಡೂ ಕಡೆ ಗುಂಡಿ, ನಡುವೆ ತಿದಿ. ಮೊಮ್ಮಗ ಹೆಸರು ಓದಿದ: ಕನ್ಸರ್ಟಿನಾ. ಒಳಗೆ ಪೇಟಿಯಂಥದೇ ಲೋಹದ ನಾಲಗೆ. ಅದರಲ್ಲಿ ಒಂದು ಜಾತಿಗೆ ಒಂದೇ ಗುಂಡಿ ಒತ್ತಿ ತಿದಿ ಮುಚ್ಚಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಹಿಂಗಾಗಿ ಆ ಮಾಸ್ತರ ಮೊದಲು ತಿದಿಯನ್ನೇ ಕಲಿಸಿದ. ಅವನ ಮಾತು ಒಂದೂ ತಿಳಿಯಲಿಲ್ಲ, ಕೈ ಮಾತ್ರ ತಿಳಿಯಿತು. ಉಸಿರು ಉದ್ದ ಹಿಡಿದು ಅದರ ಮೇಲೆ ಸ್ವರ ಇಡಬೇಕು. ನನ್ನ ಪೇಟಿಯ ಬಿಕ್ಕಳಿಕೆ ನಿಂತದ್ದು ಅವನಿಂದ.

ಆದರೆ ದೊಡ್ಡ ತಕರಾರು ಬೇರೆ. ಪಾಠದವರು ಬಹಳ ಮಂದಿ ಬಿಳಿ ಒಂದನ್ನು ಸ ಮಾಡಿಕೊಂಡು ಸುರು ಮಾಡುತ್ತಾರೆ, ಕಲಿಯುವವರಿಗೆ ಹಗುರ ಅಂತ. ಅಲ್ಲಿ ಶುದ್ಧ ಸ್ವರ ಏಳೂ ಬಿಳಿ ಪಟ್ಟಿಯ ಮೇಲೇ ಬರುತ್ತವೆ. ಹಾಡುವ ಕೊರಳು ಬಿಳಿ ಒಂದಕ್ಕೆ ಬರಬೇಕಲ್ಲ! ಹರೇದಾಗ ನಾನು ಕರಿ ಐದಕ್ಕೆ ಹಾಡುತ್ತಿದ್ದೆ, ಈಗ ಕರಿ ಮೂರಕ್ಕೆ ಇಳಿದಿದ್ದೇನೆ. ಕರಿ ಮೂರನ್ನು ಸ ಹಿಡಿದರೆ ಕಲಿತ ಬೆರಳೆಲ್ಲ ಸುಳ್ಳು. ಮ, ನಿ ಎರಡೇ ಬಿಳಿ, ಉಳಿದ ಐದು ಕರಿ. ಮೂರು ತಿಂಗಳ ಅಭ್ಯಾಸ ತಗೊಂಡು ಗುಡಿಯಾಗ ಕುಂತೆ, ಮ್ಯಾಳದವರು ಬಾಯಿ ತೆಗೆದರು, ನನಗೆ ಒಂದು ಸ್ವರವೂ ಸಿಗಲಿಲ್ಲ. "ಯಣ್ಣಾ, ನೀ ಹಾಡೇ ಹಾಡು" ಅಂದ ದಮ್ಮಡಿ ಬಾರಿಸುವವ. ಅವನ ಮಾತು ಖರೇ ಇತ್ತು, ಆದರೂ ಮನಸ್ಸಿಗೆ ಹತ್ತಿತು.

ಮತ್ತೆ ಮೊದಲಿಂದ ಸುರು ಮಾಡಿದೆ. ನಮ್ಮ ತತ್ವಪದ ಎಷ್ಟೋ ಭೈರವಿಯ ಮಟ್ಟಿನಲ್ಲಿವೆ. ಬಿಳಿ ಒಂದರ ಭೈರವಿಯಲ್ಲಿ ರಿ, ಗ, ಧ, ನಿ ನಾಲ್ಕೂ ಕೋಮಲ, ನಾಲ್ಕೂ ಕರಿ. ಅದನ್ನೇ ಕರಿ ಮೂರಕ್ಕೆ ತಂದರೆ ಸ, ಪ ಎರಡೇ ಕರಿ, ಉಳಿದ ಐದೂ ಬಿಳಿ! ಇದನ್ನು ಯಾವ ಪಾಠದವರೂ ನನಗೆ ಹೇಳಲಿಲ್ಲ. ಕಣ್ಣು ಮುಚ್ಚಿ, ಹಾಡಿಕೊಳ್ಳುತ್ತ, ಒಂದೊಂದೇ ಪಟ್ಟಿ ಒತ್ತಿ ಹುಡುಕಿದೆ. ಸಿಕ್ಕ ದಿನ ಮೊಮ್ಮಗನನ್ನು ನಿದ್ದಿಯಿಂದ ಎಬ್ಬಿಸಿ ತೋರಿಸಿದೆ. "ಅಜ್ಜಾ, ಮುಂಜಾನೆ ಸಾಳಿ ಅದ" ಅಂದು ಮುಸುಕು ಹಾಕಿಕೊಂಡ.

ಸಾಥ್ ಕೊಡುವುದಂತೂ ಪಾಠದಲ್ಲಿ ಇಲ್ಲವೇ ಇಲ್ಲ. ತೀರಿಕೊಂಡ ನಮ್ಮ ಪೇಟಿಯ ಹಿರಿಯರಿಗೆ ರಾಗದ ಹೆಸರು ನಾಲ್ಕೈದು ಗೊತ್ತಿದ್ದರೆ ಹೆಚ್ಚು. ಆದರೆ ನನ್ನ ಉಸಿರು ಎಲ್ಲಿ ಕಡಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ನಾನು ಸಾಲಿನ ಕಡೆಗೆ ಬಂದು ದಣಿದಾಗ ಪೇಟಿ ಮುಂದೆ ಬರುತ್ತಿತ್ತು. ಕೊರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಸ ಒಂದನ್ನೇ ಹಿಡಿದು ಸುಮ್ಮನಿರುತ್ತಿದ್ದರು. ಪೇಟಿಗೆ ಜಾರಲಿಕ್ಕೆ ಬರುವುದಿಲ್ಲ, ಅದು ಪಟ್ಟಿಯಿಂದ ಪಟ್ಟಿಗೆ ಜಿಗಿಯುತ್ತದೆ. ಇದೇ ಆಕ್ಷೇಪಣೆ ಎತ್ತಿ ಆಕಾಶವಾಣಿಯವರು 1940ರಲ್ಲಿ ಪೇಟಿಯನ್ನು ಹೊರಗಿಟ್ಟರು, 1971ರ ಹೊತ್ತಿಗೆ ಆ ಕಟ್ಟು ಸಡಿಲಾಯಿತು. ಆಕ್ಷೇಪಣೆ ಸುಳ್ಳಲ್ಲ. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆ, ಧಾರವಾಡದ ವಸಂತ ಕನಕಾಪುರ ಅಂಥವರು ಇದೇ ಪೇಟಿಯಿಂದ ದೊಡ್ಡ ದೊಡ್ಡ ಗವಾಯಿಗಳಿಗೆ ಸಾಥ್ ಕೊಟ್ಟರು. ಜಾರಲು ಬಾರದ ವಾದ್ಯ ಯಾವಾಗ ಹಿಂದೆ ಸರಿಯಬೇಕು ಅನ್ನುವುದು ಗೊತ್ತಿದ್ದರೆ ಮಾತ್ರ ಅದು ಆದೀತು. ಮೊಬೈಲಿನ ಮಾಸ್ತರರು ಒಬ್ಬರೇ ಕುಂತು ಬಾರಿಸುತ್ತಾರೆ, ಮಗ್ಗಲಕ್ಕೆ ಹಾಡುವವ ಇಲ್ಲ. ಹಿಂದೆ ಸರಿಯುವುದನ್ನು ಯಾರಿಗಾಗಿ ತೋರಿಸಬೇಕು? ಮೊದಲ ಪಾಠದಿಂದಲೇ ಒಬ್ಬ ಸಾದಾ ಕೊರಳಿನವನನ್ನು ಮಗ್ಗಲಕ್ಕೆ ಕೂಡ್ರಿಸಿಕೊಳ್ಳಿರಿ, ಅವ ತಪ್ಪಿ ಹಾಡಲಿ, ನೀವು ಅವನನ್ನು ಹೆಂಗ ಹಿಡೀತೀರಿ ನೋಡ್ತೀವಿ ಅಂತ ಅವರಿಗೆ ಬರೆಸಬೇಕು ಅಂದುಕೊಂಡಿದ್ದೇನೆ. ಮೊಮ್ಮಗ ಬರೆದುಕೊಡುತ್ತೇನೆ ಅಂದಿದ್ದಾನೆ.

ಇಷ್ಟಾದರೂ ಪಾಠ ಬಿಟ್ಟಿಲ್ಲ. ನಮ್ಮ ಕಡೆ ಪೇಟಿ ಕಲಿಸುವವರು ನಡೆದು ಹೋಗುವಷ್ಟು ದೂರದಾಗ ಯಾರೂ ಉಳಿದಿಲ್ಲ. ಆದರೆ ಈಗ ನೋಡುವ ರೀತಿ ಬದಲಾಗಿದೆ. ಪಾಠ ಕೇಳಿ ಮೊಬೈಲ್ ಬಂದ್ ಮಾಡಿ, ಹೆಂಡತಿಗೆ ಒಂದು ಸೋಬಾನ ಪದ ಹಾಡು ಅನ್ನುತ್ತೇನೆ. ಆಕೆಯ ಪಟ್ಟಿ ಯಾವುದು ಅಂತ ಹುಡುಕಿ ಅದರ ಬೆನ್ನು ಹತ್ತುತ್ತೇನೆ. ರೊಟ್ಟಿ ಬಡಿಯುತ್ತ ಹಾಡುವವಳು, ನನಗಾಗಿ ನಿಲ್ಲುವುದಿಲ್ಲ. ಬಹಳ ಸಲ ಆಕೆ ಪದ ಮುಗಿಸಿದ ಮೇಲೆ ನನಗೆ ಪಟ್ಟಿ ಸಿಗುತ್ತದೆ.

ಹೋದ ಅಮಾಸಿಗೆ ಮೂರು ಪದಕ್ಕೆ ಪೇಟಿ ಬಾರಿಸಿದೆ. ನಾನು ಸುರು ಮಾಡಿದ ಎರಡು ದಡ ಮುಟ್ಟಿದವು. ಮೂರನೇದನ್ನು ದಮ್ಮಡಿಯವ ಎತ್ತಿಕೊಂಡ, ಅವನ ಕೊರಳು ಕರಿ ನಾಲ್ಕು. ಅಲ್ಲಿ ಭೈರವಿಗೆ ನಾಲ್ಕು ಕರಿ, ಮೂರು ಬಿಳಿ. ನಡುವೆ ದಾರಿ ತಪ್ಪಿದೆ. ಸ ಒಂದನ್ನೇ ಹಿಡಿದು ಸುಮ್ಮನೆ ತಿದಿ ಒತ್ತುತ್ತ ಕುಂತೆ, ಅವನು ಹಾಡಿ ಮುಗಿಸಿದ. ಈಗ ರಾತ್ರಿ ಕರೆಂಟ್ ಬರುವ ತನಕ ಕರಿ ನಾಲ್ಕರ ಭೈರವಿ ತಿಕ್ಕುತ್ತಿದ್ದೇನೆ.