ಗುರುಪುರದ ಎರಡು 'ಕ'ಗಳು

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಕನ್ನಡವೂ ಟಿಬೆಟನ್ ಭಾಷೆಯೂ ಅಕ್ಕಪಕ್ಕದಲ್ಲೇ ಬಾಳುತ್ತಿವೆ. ಅಂತರ್ಜಾಲದಲ್ಲಿ ಈ ಎರಡೂ ಲಿಪಿಗಳನ್ನು ಹೊತ್ತೊಯ್ಯುವುದು ಯುಟಿಎಫ್-8 ಎಂಬ ಒಂದೇ ದ್ವಿಮಾನ ಸಂಕೇತ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಇದರ ಕುಸುರಿಯನ್ನು ಎಷ್ಟು ನೋಡಿದರೂ ಮನ ತಣಿಯದು.

ನಮ್ಮ 'ಕ' ಹೀಗೆ ಸಾಗುತ್ತದೆ: 11100000 10110010 10010101. ಟಿಬೆಟನ್ 'ಕ' ಹೀಗೆ: 11100000 10111101 10000000. ಎಂಟೆಂಟು ಬಿಟ್‌ಗಳ ಮೂರು ಬೈಟ್‌ಗಳು. ಮೊದಲ ಬೈಟಿನ ತಲೆಯಲ್ಲಿರುವ ಒಂದುಗಳನ್ನು ಎಣಿಸಿ, ಮೂರಿವೆ. ಈ ಅಕ್ಷರಕ್ಕೆ ಮೂರು ಬೈಟ್ ಎಂದು ಅವೇ ಸಾರುತ್ತವೆ. ಹಿಂದೆ ಬರುವ ಬೈಟ್‌ಗಳೆಲ್ಲ 10 ಎಂದೇ ಶುರು. ಹಾಗಾಗಿ ದಾರಿಯಲ್ಲಿ ಒಂದು ಬೈಟ್ ಕಳೆದುಹೋದರೂ ಕೆಡುವುದು ಆ ಒಂದು ಅಕ್ಷರ ಮಾತ್ರ. ಮುಂದಿನದು ಎಲ್ಲಿ ಆರಂಭವೆಂದು ಯಂತ್ರಕ್ಕೆ ಥಟ್ಟನೆ ತಿಳಿಯುತ್ತದೆ. ನಮ್ಮ 'ಕ್ಷ' ಒತ್ತಕ್ಷರವೂ ಒಂಬತ್ತು ಬೈಟ್‌ಗಳಲ್ಲಿ ಕ, ವಿರಾಮ (್), ಷ ಎಂದು ಸಾಲಾಗಿ ಹೋಗಿ ಆಚೆ ಕಡೆ ಒಂದಾಗುತ್ತದೆ.

ಹಳೆಯ ಆಸ್ಕಿ ಸಂಕೇತದ ಇಂಗ್ಲಿಷ್ ಅಕ್ಷರಗಳು ಒಂದು ಬಿಟ್ ಕೂಡ ಬದಲಾಗದೆ ಇದರೊಳಗಿವೆ. ಹಳೆಯದನ್ನು ಕೆಡಿಸದೆ ಜಗತ್ತಿನ ಲಿಪಿಗಳಿಗೆಲ್ಲ ಜಾಗ ಕೊಟ್ಟ ಇಷ್ಟು ಅಚ್ಚುಕಟ್ಟಾದ ಕೆಲಸ ಕಂಪ್ಯೂಟರ್ ಲೋಕದಲ್ಲಿ ಅಪರೂಪ.